ಚುಕ್ಕಿಯಿಟ್ಟ ಮಾತು

ಯಾರೂ ಕೇಳಿರದ ಮಾತಿನ ತಲೆಗೆ
ಒಂದು ಚುಕ್ಕಿ ಇಡಬೇಕಂತೆ. ಅಕ್ಕನ ಕಸುಬಿನ ಮರ್ಯಾದೆ ಅದು.
ಬರೆದಿಟ್ಟವರಿಲ್ಲ, ಆಡಿದವರು ಮಣ್ಣಾಗಿ ಐದಾರು ಸಾವಿರ ವರ್ಷ,
ಆದರೂ ಇದ್ದಿರಬೇಕು ಎನ್ನುವ ಚುಕ್ಕಿ.
ಅರ್ಷಲುಯ್ಸ್ ಅದನ್ನು ಕೆಂಪು ಶಾಯಿಯಲ್ಲೇ ಇಡುತ್ತಾಳೆ.
ಕೈ ನಡುಗಿದ ದಿನ ಚುಕ್ಕಿ ಹೋಗಿ ಜೇಡವಾಗುತ್ತದೆ.

ಯೆರೆವಾನಿನ ನಾಲ್ಕನೇ ಮಹಡಿಯಲ್ಲಿ, ಲಿಫ್ಟು ಕೆಟ್ಟ ಮನೆಯಲ್ಲಿ
ಬೂಟಿನ ಡಬ್ಬಿಗಳ ತುಂಬ ದೇವರ ಕಾರ್ಯದ ಬೇರುಗಳು.
ಮೂವತ್ತು ವರ್ಷ ಟ್ರಾಲಿಬಸ್ಸು ಓಡಿಸಿದ ನಾನು
ಈಗ ಡಬ್ಬಿ ಹೊರುತ್ತೇನೆ, ಓದಿ ಅಂದರೆ ಓದುತ್ತೇನೆ.

‘ಸುರಿ’ ಎಂಬುದಕ್ಕೊಂದು ಡಬ್ಬಿ.
ಗಂಗೆಯ ಕಡೆಯವರು ತುಪ್ಪ ಸುರಿದು ಹವಿಸ್ಸೆಂದರು,
ಗ್ರೀಕರು ಸತ್ತವರಿಗೆ ಜೇನು, ಹಾಲು ಸುರಿದರು,
ಉತ್ತರದ ಕಾಡಿನವರು ಮಾತ್ರ
ಸುರಿಸಿಕೊಂಡವನನ್ನೇ ದೇವರೆಂದು ಕರೆದುಬಿಟ್ಟರು.
ನಮ್ಮ ‘ದ್ಜೋನ್’, ಕಾಣಿಕೆ, ಮನೆಯದೋ
ಪಾರಸಿಗರಿಂದ ಕಡ ತಂದದ್ದೋ
ಹತ್ತೊಂಬತ್ತು ವರ್ಷದಿಂದ ಆ ಕಾರ್ಡಿನ ಮೂಲೆಯಲ್ಲೊಂದು ಪ್ರಶ್ನಾರ್ಥಕ.
ಕಡ ತಂದ ಹಿಟ್ಟಿನ ರೊಟ್ಟಿಯೂ ರೊಟ್ಟಿಯೇ ಅಲ್ಲವೆ ಅಂದರೆ
ಅಕ್ಕ ಎರಡು ದಿನ ಮಾತು ಬಿಡುತ್ತಾಳೆ.

ಯಜ್ಞದ ‘ಯಜ್’ ಎದುರಿಗೆ ಗ್ರೀಕರ ‘ಹಾಗಿಯೋಸ್’.
ಮೊದಲಿಗೊಂದು ಸದ್ದಿತ್ತಂತೆ, ಗಂಟಲಲ್ಲೇ ಸತ್ತಿತಂತೆ.
ಅದಕ್ಕೆ ಹೆಸರಿಲ್ಲ, ನಂಬರು ಇದೆ,
ಕೈದಿಗೆ ಇರುವ ಹಾಗೆ.

ಒಂದು ಕಾರ್ಡನ್ನು ಮಾತ್ರ ಅವಳು ಡಬ್ಬಿಗೆ ಹಿಂದಿರುಗಿಸಿಲ್ಲ.
ಚುಕ್ಕಿ, ಆಮೇಲೆ ‘ದಪ್’.
ನಮ್ಮ ಬಾಯಲ್ಲಿ ‘ತೋನ್’, ಹಬ್ಬ.
ರೋಮಿನವರಿಗೆ ‘ದಾಪ್ಸ್’, ದೇವರ ಮುಂದಿನ ಊಟ.
ಅದೇ ರೋಮಿನವರಿಗೆ ‘ದಮ್ನುಮ್’, ನಷ್ಟ.
ಗ್ರೀಕರದು ಬರೀ ಖರ್ಚಿನ ಲೆಕ್ಕ.
ಒಂದೇ ತಾಯಿಯ ಮಕ್ಕಳು ಹೀಗೆ ದಿಕ್ಕಾಪಾಲಾಗಬೇಕಾದರೆ
ಆ ಮನೆಯಲ್ಲಿ ಏನು ನಡೆದಿರಬೇಕು?

ಭಾನುವಾರ ನನ್ನ ಹಳೇ ಲಾಡಾದಲ್ಲಿ ಗರ್ನಿ ದಾಟಿ ಹೊರಟೆವು,
ಅಕ್ಕನ ತೊಡೆಯ ಮೇಲೆ ರೆಕಾರ್ಡರು.
ಬಂಡೆಗೆ ಆತುಕೊಂಡ ಚಿಕ್ಕ ಗುಡಿ, ಕರಗಿದ ಮೇಣದ ವಾಸನೆ.
ಮುದುಕಿ ವರ್ಸೆನಿಕ್ ಟಗರುಮರಿ ತಂದಿದ್ದಳು, ಮತಾಘ್‌ಗೆ.
ಮತಾಘ್ ಅಂದರೆ ಬಲಿ. ಹಳೆಯ ಅರ್ಥ ಎಳೆಯದು, ಎಳಸು.
ಪಾದ್ರಿ ಉಪ್ಪು ಮಂತ್ರಿಸಿ ಕೊಟ್ಟು ಫೋನಿಗೆಂದು ಒಳಹೋದ.
ಮರಿ ಅವಳ ಅಂಗೈ ನೆಕ್ಕಿತು,
ಉಪ್ಪು ಮುಗಿದ ಮೇಲೂ ನೆಕ್ಕಿತು.

‘ಉಪ್ಪು ಕೊಡುವಾಗ ಏನಂತೀರಿ ಅಜ್ಜಿ, ಹಳೇ ಮಾತು ಏನಾದರೂ?’
‘ತಿನ್ನು ಅಂತೀನಿ. ಇನ್ನೇನನ್ನಲಿ?’

ಗುಡಿಗೆ ಮೂರು ಸುತ್ತು. ಮರಿಯೇ ಮುಂದೆ, ಮುದುಕಿ ಹಿಂದೆ.
ಮ್ಖಿತಾರ್ ಚೂರಿಯನ್ನು ಪ್ಯಾಂಟಿಗೆ ಒರೆಸಿಕೊಂಡ.
ಅಕ್ಕ ಕಣ್ಣು ಮುಚ್ಚಿದಳು. ನಾನು ನೋಡಿದೆ.

‘ಏನು ಹರಕೆ?’
‘ಮೊಮ್ಮಗ ಗಡಿಯಿಂದ ಬಂದರೆ ಕುರಿ ಅಂದಿದ್ದೆ.’
‘ಬಂದನೆ?’
ಮುದುಕಿ ಸೌದೆ ಮುಂದೆ ನೂಕಿದಳು.
‘ಬರಲಿಲ್ಲ. ಕುರಿ ಬೆಳೀತು. ಅಂದ ಮಾತು ಅಂದದ್ದೇ.
ಅವನು ತಪ್ಪಿದ ಅಂತ ನಾನೂ ತಪ್ಪಲೇನು?’
ಅವನು ಅಂದರೆ ಯಾರೆಂದು ಅಕ್ಕ ಕೇಳಲಿಲ್ಲ.
ಅವಳು ಏನನ್ನೂ ಕೇಳದೆ ಬಿಟ್ಟದ್ದು ನಾನು ಕಂಡಂತೆ ಅದೇ ಮೊದಲು.

ನೀರು, ಉಪ್ಪು. ಬೇರೇನೂ ಹಾಕಬಾರದು.
ಏಳು ಮನೆಗೆ ಹಂಚಬೇಕು, ಕತ್ತಲಿಗೆ ಒಂದು ಚೂರೂ ಉಳಿಯಬಾರದು.
ಊರಲ್ಲಿ ಹೊಗೆಯಾಡುವ ಮನೆ ಆರೇ.
ಲವಾಶಿನಲ್ಲಿ ಸುತ್ತಿ ಕಿಟಕಿಯಿಂದ ಕೊಟ್ಟಳು:
‘ನಿಮ್ಮ ಕಾರೂ ಒಂದು ಮನೆ.’

ಇಳಿಜಾರಿನಲ್ಲಿ ಇಂಜಿನ್ ಆರಿಸಿ ಬಿಟ್ಟೆ.
ರೆಕಾರ್ಡರಿನಲ್ಲಿ ಗಾಳಿ, ಸೌದೆಯ ಸಿಡಿತ,
‘ತಿನ್ನು’ ಅಂದದ್ದು ಒಂದು ಸಲ.

ರಾತ್ರಿ ಅಕ್ಕ ಆ ಕಾರ್ಡು ತೆಗೆದಳು.
ಅರ್ಥದ ಅಂಕಣದಲ್ಲಿ ಹಬ್ಬ, ನಷ್ಟ. ನಡುವೆ ಒಂದು ಅಲ್ಪವಿರಾಮ.
ಅದನ್ನು ಉಗುರಿನಲ್ಲಿ ಕೆರೆದಳು.
ತೊಳೆಯದ ಕೈ, ಹೆಬ್ಬೆರಳಿನ ಕೊಬ್ಬು ಕಾಗದಕ್ಕೆ ಹತ್ತಿತು.
ಒರೆಸಲು ಬಟ್ಟೆ ತಂದೆ.
ಬೇಡ ಅಂದಳು.
ಇದಕ್ಕೆ ಸಾಕ್ಷಿ ಇದೆ.